ಮೀನು ಸಾಕಣೆ: ಲೆಕ್ಕ ಕೊಳದ ದಡದಲ್ಲೇ ಆಗಲಿ

ದೇಶದಲ್ಲಿ ಎಷ್ಟು ಮೀನು ಸಾಕಿ ಬೆಳೆಯಲಾಯಿತೆಂಬುದನ್ನು ಪೇಟೆಯಲ್ಲಿ ತೂಗಿ ತಿಳಿಯಲಾಗದು. ಬೆಂಗಳೂರಿನ ಪದ್ಮನಾಭನಗರದಲ್ಲಿ ಮಾರಾಟವಾಗುವ ಕಾಟ್ಲಾ, ರೋಹು ನಮ್ಮ ಕೆರೆಯದಾಗಿರಬಹುದು, ಆಂಧ್ರದ ಕೊಳದ್ದೂ ಆಗಿರಬಹುದು. ಆದ್ದರಿಂದ ಮೀನು ಹಿಡಿದ ಸ್ಥಳದಲ್ಲೇ ತೂಕ ಬರೆದಿಡಬೇಕು.

ಈ ಅಂಕಿಗಳು ರಾಜ್ಯ ಮೀನುಗಾರಿಕೆ ಇಲಾಖೆಯಿಂದ ಕೇಂದ್ರಕ್ಕೂ, ಅಲ್ಲಿಂದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೂ ಹೋಗುತ್ತವೆ. ಆ ಸಂಸ್ಥೆಯ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ ಸಾಕಿ ಬೆಳೆದ ಜಲಪ್ರಾಣಿಗಳು 9.44 ಕೋಟಿ ಟನ್. ಸಮುದ್ರ, ನದಿಗಳಲ್ಲಿ ಹಿಡಿದದ್ದು 9.10 ಕೋಟಿ ಟನ್. ಸಾಕಣೆ ಮುಂದಾದದ್ದು ಇದೇ ಮೊದಲು.

ಬಿಟ್ಟ ಮರಿಗಳ ಸಂಖ್ಯೆಯಿಂದ ಇಳುವರಿ ಊಹಿಸುವುದು ತಪ್ಪು. ಉದಾಹರಣೆಗೆ, 1,000 ಮರಿಗಳಲ್ಲಿ 600 ಉಳಿದು, ಸರಾಸರಿ 750 ಗ್ರಾಂ ತೂಗಿದರೆ ಇಳುವರಿ 450 ಕಿಲೋ. ಸತ್ತವನ್ನೂ ಸೇರಿಸಿದರೆ ಅದು 750 ಕಿಲೋ ಆಗುತ್ತದೆ; 300 ಕಿಲೋ ಇಲ್ಲದ ಮೀನು!

ರೈತರು ಒಂದು ಪುಸ್ತಕದಲ್ಲಿ ಈ ವಿವರಗಳನ್ನು ಬರೆದಿಡಬೇಕು:

1. ನೀರು ನಿಂತ ವಿಸ್ತೀರ್ಣ.
2. ಮರಿ ಬಿಟ್ಟ ದಿನಾಂಕ, ಜಾತಿ, ಸಂಖ್ಯೆ.
3. ಪ್ರತಿ ಸಲ ಬಲೆ ಎಳೆದಾಗ ಸಿಕ್ಕ ಮೀನಿನ ಜಾತಿವಾರು ತೂಕ. ಮನೆಗೆ ಬಳಸಿದ್ದನ್ನೂ, ಹಂಚಿದ್ದನ್ನೂ ಸೇರಿಸಬೇಕು.
4. ಬೇರೆಯವರಿಗೆ ಮಾರಿದ ಮರಿಗಳ ಸಂಖ್ಯೆ. ಇದನ್ನು ಇಳುವರಿಗೆ ಸೇರಿಸಬಾರದು.

ವಿಸ್ತರಣಾ ಕಾರ್ಯಕರ್ತರು ಹಿಂದಿನ ವರ್ಷದ ಅಂಕಿಯನ್ನೇ ಮತ್ತೆ ಬರೆಯದೆ, ಈ ಪುಸ್ತಕ ನೋಡಿ ವರದಿ ಮಾಡಬೇಕು. ಮರಿ, ಮಂಜುಗಡ್ಡೆ, ಮಾರುಕಟ್ಟೆಗಳ ಯೋಜನೆಗೆ ಈ ಅಂಕಿಗಳೇ ಬುನಾದಿ. ಕೋಡಿ ಹರಿದು ಮೀನು ಕೊಚ್ಚಿಹೋದಾಗ ನಷ್ಟ ತೋರಿಸಲು ರೈತನಿಗೂ ಇದೇ ಆಧಾರ.