ಮೊಗವಾಡದ ಒಳಗಿನ ಮುಖ

ಚಿಕ್ಕಬಾಣಾವರವನ್ನು ದಾಟಿ ಹೆಸರಘಟ್ಟದತ್ತ ಸಾಗುವ ದಾರಿಯ ಆಸುಪಾಸಿನಲ್ಲಿ ಶಿಲುಬೆಯ ಹೆಸರನ್ನೇ ಹೊತ್ತ ಸಿಲ್ವೆಪುರವೆಂಬ ಗ್ರಾಮವಿದೆ. ಕ್ರೈಸ್ತ ಸಂಕೇತಗಳನ್ನು ಈ ನೆಲದ ಜಾನಪದ ರೂಪಗಳೊಡನೆ ಬೆಸೆಯಲು ಶ್ರಮಿಸಿದ ಚಿತ್ರಕಲಾವಿದ ಜ್ಯೋತಿ ಸಾಹಿಯವರು 1970ರ ದಶಕದಲ್ಲಿ ಬಂದು ನೆಲೆಸಿದ್ದು ಇಲ್ಲಿಯೇ. ಇನ್ನೂ ಮುಂದೆ ಹೋದರೆ ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಲಾದ ಕೆರೆ ಸಿಗುತ್ತದೆ. ಇದೇ ಹೆಸರಘಟ್ಟದಲ್ಲಿ ಪ್ರೊತಿಮಾ ಗೌರಿ ಬೇಡಿಯವರು 1990ರಲ್ಲಿ ಸ್ಥಾಪಿಸಿದ ನೃತ್ಯಗ್ರಾಮವೂ ಇದೆ.

ನೃತ್ಯಗ್ರಾಮದ ಒಡಿಸ್ಸಿ ನರ್ತಕಿಯರನ್ನು ಕಂಡವರು ಬಲ್ಲರು: ಹುಬ್ಬು ತುಸು ಕೊಂಕಿದರೆ ಒಂದು ಭಾವ, ರೆಪ್ಪೆ ಬಾಗಿದರೆ ಇನ್ನೊಂದು. ಅಲ್ಲಿ ಮುಖವೇ ಅಭಿನಯದ ಅಂಗಳ. ಆ ಮುಖವನ್ನೇ ಮುಚ್ಚಿಬಿಟ್ಟರೆ ಕುಣಿತಕ್ಕೆ ಉಳಿಯುವುದಾದರೂ ಏನು? ಉತ್ತರವನ್ನು ಅರಸಿ ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರು ಗ್ರಾಮಾಂತರ, ತುಮಕೂರು, ಮಂಡ್ಯ, ಹಾಸನ ಸೀಮೆಗಳ ಗ್ರಾಮದೇವತೆಯ ಜಾತ್ರೆಗಳಲ್ಲಿ ನಡೆಯುವ ಸೋಮನ ಕುಣಿತವೇ ಆ ಉತ್ತರ.

ಸೋಮನೆಂದರೆ ದೇವಿಯ ಕಾವಲಿನವನು. ಅವನ ಮೊಗವಾಡವನ್ನು ಮರದಲ್ಲಿ ಕೆತ್ತುತ್ತಾರೆ. ಹೊರಚಾಚಿದ ದುಂಡು ಕಣ್ಣುಗಳು, ದಪ್ಪ ಮೀಸೆ, ತೆರೆದ ಬಾಯಿ. ಮೈಗೆ ಕೆಂಪು ಅಥವಾ ಹಳದಿ ಬಣ್ಣ. ಅದರ ಮೇಲೆ ಬಿದಿರಿನ ಚೌಕಟ್ಟು, ಬಣ್ಣಬಣ್ಣದ ಬಟ್ಟೆಯ ಅಲಂಕಾರ. ಮರದ ಮುಖಕ್ಕೆ ಒಂದೇ ಭಾವ, ಅದು ಬದಲಾಗದು. ಆದರೆ ವಾದ್ಯದ ಪೆಟ್ಟಿಗೆ ತಕ್ಕಂತೆ ಹೊತ್ತವನು ಕತ್ತನ್ನು ಬಾಗಿಸಿದಾಗ ನೆರಳು ಹುಬ್ಬಿನಡಿ ಸರಿದು ಸೋಮನು ಸಿಟ್ಟಾದಂತೆ ಕಾಣುತ್ತಾನೆ. ತಲೆ ಎತ್ತಿದಾಗ ನಕ್ಕಂತೆ ಕಾಣುತ್ತಾನೆ. ಮೊಗವಾಡ ಮಾಡುವ ಬಡಗಿಯ ಜಾಣ್ಮೆ ಇರುವುದು ಇಲ್ಲಿಯೇ. ಅವನು ಕಣ್ಣು ಮೂಗುಗಳನ್ನು ಹಿಗ್ಗಿಸಿ ಕೆತ್ತುವುದು ಮಕ್ಕಳನ್ನು ಹೆದರಿಸಲೆಂದಲ್ಲ. ಜಾತ್ರೆಯ ಜಂಗುಳಿಯಲ್ಲಿ, ದೀವಟಿಗೆಯ ಬೆಳಕಿನಲ್ಲಿ, ದೂರದ ಕೊನೆಯ ಸಾಲಿನಲ್ಲಿ ನಿಂತ ಅಜ್ಜಿಗೂ ಆ ಮುಖ ಕಾಣಬೇಕೆಂದು.

ಕರಾವಳಿಯ ಭೂತಾರಾಧನೆಯಲ್ಲಿ ಮೊಗವಾಡಕ್ಕೆ 'ಮೊಗ' ಎಂದೇ ಹೆಸರು. ಅಲ್ಲಿ ಲೋಹದ ಎರಕದ ಮೊಗಗಳಿಗೆ ಪ್ರಸಿದ್ಧಿ. ಮೇಣದಲ್ಲಿ ರೂಪ ತಿದ್ದಿ, ಮೇಲೆ ಮಣ್ಣು ಮೆತ್ತಿ, ಬೆಂಕಿಗಿಟ್ಟು ಮೇಣವನ್ನು ಕರಗಿಸಿ ಹರಿಸಿ, ಆ ಪೊಳ್ಳಿಗೆ ಕಾದ ಲೋಹವನ್ನು ಸುರಿಯುತ್ತಾರೆ. ಒಂದು ಅಚ್ಚಿಗೆ ಒಂದೇ ಮೊಗ. ಅಚ್ಚನ್ನು ಒಡೆಯದೆ ಮೊಗ ಹೊರಬಾರದು. ಪಂಜುರ್ಲಿಯ ಹಂದಿಯ ಮೋರೆ, ಮೈಸಂದಾಯನ ಕೋಣನ ಮೋರೆ ಮೂಡುವುದು ಹೀಗೆ. ಕಾಡುಹಂದಿಯಿಂದ ಬೆಳೆ ಕಳೆದುಕೊಂಡ ರೈತನು ಅದೇ ಹಂದಿಯ ಮುಖಕ್ಕೆ ಕೈಮುಗಿಯುವುದರ ಹಿಂದೆ ಭಯವೂ ಇದೆ, ನಿಸರ್ಗದೊಡನೆ ಒಪ್ಪಂದವೂ ಇದೆ.

ದಿನನಿತ್ಯದ ಮಾತಿನಲ್ಲಿ ನಾವು 'ಅವನ ಮುಖವಾಡ ಕಳಚಿತು' ಎನ್ನುತ್ತೇವೆ. ಮುಖವಾಡವೆಂದರೆ ಸುಳ್ಳು, ಮೋಸ ಎಂಬುದು ನಮ್ಮ ರೂಢಿಯ ಎಣಿಕೆ. ಪ್ರಭು ಯೇಸು ಫರಿಸಾಯರನ್ನು ಕಪಟಿಗಳೆಂದು ಕರೆದುದನ್ನು ನಾವು ಬಲ್ಲೆವು. ಶುಭಸಂದೇಶದ ಗ್ರೀಕ್ ಮೂಲದಲ್ಲಿ ಆ ಪದಕ್ಕಿದ್ದ ಹಳೆಯ ಅರ್ಥ ರಂಗದ ಮೇಲಿನ ನಟ ಎಂದು. ಗ್ರೀಕ್ ನಟರು ಮೊಗವಾಡ ತೊಟ್ಟೇ ಆಡುತ್ತಿದ್ದರು. ಆದರೆ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಲ್ಯಾಟಿನ್ ಭಾಷೆಯಲ್ಲಿ ನಟನ ಮೊಗವಾಡಕ್ಕೆ 'ಪೆರ್ಸೋನ' ಎನ್ನುತ್ತಿದ್ದರು. ಮೂರನೆಯ ಶತಮಾನದ ಆರಂಭದಲ್ಲಿ ಕಾರ್ಥೇಜಿನ ತೆರ್ತುಲಿಯನ್ ತ್ರೈಏಕ ದೇವರ ರಹಸ್ಯವನ್ನು ವಿವರಿಸಲು ಬಳಸಿದ್ದು ಅದೇ ಪದವನ್ನು. ಮಾನವ ವ್ಯಕ್ತಿಯ ಘನತೆಯ ಬಗ್ಗೆ ಇಂದು ಧರ್ಮಸಭೆ ಆಡುವ ಮಾತಿನ ಬೇರೂ ಅಲ್ಲಿಯೇ ಇದೆ. ಒಂದು ಪದ ಕಪಟದತ್ತ ನಡೆಯಿತು, ಇನ್ನೊಂದು ಪದ ವ್ಯಕ್ತಿತ್ವದತ್ತ ನಡೆಯಿತು. ಎರಡೂ ಹೊರಟಿದ್ದು ಮೊಗವಾಡದಿಂದಲೇ ಎಂಬುದು ಸೋಜಿಗವಲ್ಲವೇ?

ನಮ್ಮ ಜನಪದರು ಹಿಡಿದದ್ದು ಈ ಎರಡನೆಯ ದಾರಿಯನ್ನು. ಕಪಟಿಯು ತನ್ನನ್ನು ಮರೆಮಾಡಿಕೊಳ್ಳಲು ಮೊಗವಾಡ ತೊಡುತ್ತಾನೆ. ಸೋಮನನ್ನು ಹೊತ್ತವನು ತನ್ನನ್ನು ಬಿಟ್ಟುಕೊಡಲು ತೊಡುತ್ತಾನೆ. ಇಡೀ ಊರಿಗೆ ಅವನಾರೆಂದು ಗೊತ್ತು. ಗೊತ್ತಿದ್ದೂ ಆ ಹೊತ್ತಿಗೆ ಅವನು ಊರಿನ ಕಾವಲುಗಾರನೇ ಸರಿ. ಕ್ರಿಸ್ಮಸ್ ಸಂಜೆ ಕೆಂಪುಡುಗೆ ತೊಟ್ಟು ಬರುವ ಕ್ರಿಸ್ಮಸ್ ತಾತನ ಪ್ಲಾಸ್ಟಿಕ್ ಮುಖದ ಹಿಂದೆ ಬೀದಿಯ ಯಾವ ಅಣ್ಣನಿದ್ದಾನೆಂದು ನಮ್ಮ ಮಕ್ಕಳಿಗೂ ತಿಳಿದಿರುತ್ತದೆ. ಆದರೂ ಅವರು ಮಿಠಾಯಿಗೆ ಕೈಯೊಡ್ಡುವುದು ತಾತನಿಗೇ.

ಆದರೆ ನಮ್ಮನ್ನು ಕಾಡುವ ಪ್ರಶ್ನೆಯೊಂದಿದೆ. ಭೂತದ ಮೊಗವನ್ನು ಧರಿಸುವವರು ಬಹುಪಾಲು ಪರವ, ಪಂಬದ, ನಲಿಕೆ ಸಮುದಾಯದವರು, ಶತಮಾನಗಳ ಕಾಲ ಅಸ್ಪೃಶ್ಯತೆಯನ್ನು ಉಂಡವರು. ಮುಖಕ್ಕೆ ಅರದಾಳ ಬಳಿದು ಮೊಗ ಏರಿಸಿದೊಡನೆ ಊರಿನ ಗುತ್ತಿನ ಯಜಮಾನನು ಅವರೆದುರು ಕೈಮುಗಿದು ನ್ಯಾಯ ಕೇಳುತ್ತಿದ್ದ. ಬೆಳಗಾಗಿ ಮೊಗ ಇಳಿಸಿದ ಮೇಲೆ ಅದೇ ಮನುಷ್ಯ ಅದೇ ಮನೆಯ ಅಂಗಳದಾಚೆ ನಿಲ್ಲಬೇಕಾಗಿತ್ತು. 2022ರಲ್ಲಿ 'ಕಾಂತಾರ' ಚಲನಚಿತ್ರ ತೆರೆಕಂಡ ಬಳಿಕ, ಆ ವರ್ಷದ ಅಕ್ಟೋಬರಿನಲ್ಲಿ, 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿತು. ಅದು ಸ್ವಾಗತಾರ್ಹವೇ. ಆದರೆ ಮೊಗಕ್ಕೆ ಸಲ್ಲುವ ಗೌರವ ಮೊಗದೊಳಗಿನ ಮುಖಕ್ಕೂ ಸಂದಾಗ ಮಾತ್ರ ಲೆಕ್ಕ ಚುಕ್ತಾ ಆದೀತು.

ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಂತಹ ಸಂಗ್ರಹಾಲಯಗಳು ಇಂತಹ ಕಲೆಗಳನ್ನು ಮರೆಯದಂತೆ ಕಾಪಾಡುತ್ತಿರುವುದು ದೊಡ್ಡ ಸೇವೆ. ಆದರೆ ಗೋಡೆಗೆ ತೂಗಿದ ಸೋಮ ಕುಣಿಯಲಾರ. ಅವನಿಗೆ ಕೆತ್ತುವ ಕೈ ಬೇಕು, ಹೊರುವ ಹೆಗಲು ಬೇಕು, ಕಾಯ್ದು ನಿಲ್ಲುವ ಊರು ಬೇಕು. ಹೆಸರಘಟ್ಟದ ಸುತ್ತಲಿನ ಹೊಲಗಳು ನಿವೇಶನಗಳಾಗುತ್ತಿರುವ ಈ ದಿನಗಳಲ್ಲಿ ಊರೇ ಚದುರಿದರೆ ಕಾವಲುಗಾರನು ಯಾರನ್ನು ಕಾಯಬೇಕು?

ನಮ್ಮ ಧರ್ಮಕೇಂದ್ರಗಳ ಆಸುಪಾಸಿನ ಹಳ್ಳಿಗಳಲ್ಲಿ ಜಾತ್ರೆಯ ವಾದ್ಯ ಕೇಳಿಬಂದಾಗ ಅದು ನಮ್ಮದಲ್ಲವೆಂದು ಬಾಗಿಲು ಹಾಕಿಕೊಳ್ಳುವುದು ಸುಲಭ. ನೆರೆಯವನ ನಂಬಿಕೆ ನಮ್ಮದಾಗಬೇಕಿಲ್ಲ. ಆದರೆ ಆ ಬಡಗಿಯ ಕೈಗೆಲಸವನ್ನು ಕಂಡು ಮೆಚ್ಚಲು, ಬೆವರೊರೆಸಿಕೊಂಡು ಮೊಗವಾಡ ಇಳಿಸಿದ ಮನುಷ್ಯನಿಗೆ ಒಂದು ಲೋಟ ನೀರು ಕೊಟ್ಟು ಹೆಸರು ಕೇಳಲು ಯಾವ ಅಡ್ಡಿಯೂ ಇಲ್ಲ. ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದೆಂದು ನಮಗೆ ಕಲಿಸಿದವರು ನಮ್ಮ ಪ್ರಭುವೇ ಅಲ್ಲವೇ?