ಮದ್ದಿಗೆ ಮಣಿಯದ ಜ್ವರ

ಕಾಯಕ ನಡೆಯಬೇಕಾದರೆ ಕಾಯ ಗಟ್ಟಿಯಾಗಿರಬೇಕು. ಬಾಬಾಬುಡನ್‌ಗಿರಿಯ ಹಾದಿಯಲ್ಲಿರುವ ಅತ್ತಿಗುಂಡಿಯಂತಹ ಊರುಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಫಿ ತೋಟಕ್ಕೆ ಇಳಿಯದ ದಿನ ಕೂಲಿಯಿಲ್ಲ. ಆದ್ದರಿಂದ ಜ್ವರ ಬಂದಾಗ ಗುಡ್ಡ ಇಳಿದು ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಒಂದು ದಿನ ಕಳೆಯುವುದಕ್ಕಿಂತ, ಹಿಂದೆಂದೋ ಯಾರಿಗೋ ಬರೆದುಕೊಟ್ಟ ಚೀಟಿಯನ್ನು ಅಂಗಡಿಯಲ್ಲಿ ತೋರಿಸಿ ನಾಲ್ಕು ಮಾತ್ರೆ ತರಿಸಿ ನುಂಗುವುದು ಸುಲಭವೆಂದು ಅನೇಕರು ಭಾವಿಸುತ್ತಾರೆ. ಆ ನಾಲ್ಕು ಮಾತ್ರೆಗಳಲ್ಲಿ ಒಂದು ಪ್ರತಿಜೀವಕ, ಅಂದರೆ ಆ್ಯಂಟಿಬಯಾಟಿಕ್ ಆಗಿರುವುದು ಸಾಮಾನ್ಯ. ಅದರ ಬೆಲೆ ಕೆಲವೇ ರೂಪಾಯಿ; ಆದರೆ ಅದನ್ನು ಅನಗತ್ಯವಾಗಿ ನುಂಗಿದುದರ ಬೆಲೆಯನ್ನು ತೆರುವವರು ಬೇರೆಯವರೂ ಆಗಿರುತ್ತಾರೆ. ಈ ಸಂಗತಿಯನ್ನು ಸದ್ಭಕ್ತರೆಲ್ಲರೂ ತಿಳಿದಿರುವುದು ಅವಶ್ಯಕ.

ಜ್ವರ ಒಂದು, ಕಾರಣ ಹಲವು

ಮಲೆನಾಡಿನಲ್ಲಿ ಕಾಣುವ ಜ್ವರಗಳೆಲ್ಲ ಆರಂಭದಲ್ಲಿ ಒಂದೇ ಬಗೆಯಾಗಿ ತೋರುತ್ತವೆ. ಮೈ ಸುಡುತ್ತದೆ, ತಲೆ ಸಿಡಿಯುತ್ತದೆ, ಕೈಕಾಲು ನೋಯುತ್ತದೆ. ಒಳಗಿನ ಕಾರಣಗಳು ಮಾತ್ರ ಬೇರೆ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣುಗುಗಳಿಂದ ಹರಡುವ ವೈರಸ್ ರೋಗ. ಅದು ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿದೆ. ಡೆಂಗಿಯೂ ವೈರಸ್‌ನಿಂದ ಬರುವುದೇ. ವೈರಸ್‌ಗಳ ಮೇಲೆ ಪ್ರತಿಜೀವಕಗಳು ಯಾವ ಪರಿಣಾಮವನ್ನೂ ಬೀರುವುದಿಲ್ಲ. ಸಾಮಾನ್ಯ ನೆಗಡಿ, ಮೂಗು ಸೋರುವಿಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇಲಿಜ್ವರವಾದರೋ ಬ್ಯಾಕ್ಟೀರಿಯಾದಿಂದ ಬರುತ್ತದೆ. ಇಲಿಯ ಮೂತ್ರ ಬೆರೆತ ಕೆಸರುನೀರಿನಲ್ಲಿ ಬರಿಗಾಲಿನಲ್ಲಿ ದುಡಿಯುವವರ ಗಾಯಗಳ ಮೂಲಕ ಅದು ದೇಹವನ್ನು ಸೇರುತ್ತದೆ. ಹುಲ್ಲು, ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಗಳು ಕಚ್ಚುವುದರಿಂದ ಬರುವ ಸ್ಕ್ರಬ್ ಟೈಫಸ್ ಕೂಡ ಬ್ಯಾಕ್ಟೀರಿಯಾ ರೋಗವೇ. ಕಚ್ಚಿದ ಜಾಗದಲ್ಲಿ ಕೆಲವೊಮ್ಮೆ ಸುಟ್ಟಂತಹ ಕಪ್ಪು ಹಕ್ಕಳೆ ಕಾಣಿಸುತ್ತದೆ. ಇವೆರಡಕ್ಕೂ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಔಷಧವನ್ನು ವೈದ್ಯರು ಬಳಸುತ್ತಾರೆ. ಇಲಿಜ್ವರಕ್ಕೆ ಪೆನಿಸಿಲಿನ್ ಕೂಡ ನಾಟುತ್ತದೆ. ಆದರೆ ಅದೇ ಪೆನಿಸಿಲಿನ್ ಸ್ಕ್ರಬ್ ಟೈಫಸ್‌ಗೆ ಏನೂ ಮಾಡಲಾರದು. ಹೀಗಿರುವಾಗ ‘ಜ್ವರದ ಮಾತ್ರೆ’ ಎಂಬ ಒಂದೇ ಹೆಸರಿನಲ್ಲಿ ಎಲ್ಲರೂ ಒಂದೇ ಪ್ರತಿಜೀವಕವನ್ನು ನುಂಗುವುದು ಕತ್ತಲಲ್ಲಿ ಕಲ್ಲೆಸೆದಂತೆ.

ವಿಷಮಶೀತ ಜ್ವರ ಹೇಳುವ ಕಥೆ

ಪ್ರತಿಜೀವಕಗಳ ಬಲ ಹೇಗೆ ಕುಂದುತ್ತದೆ ಎಂಬುದನ್ನು ಅರಿಯಲು ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್‌ನ ಚರಿತ್ರೆಯೇ ಸಾಕು. ಈ ರೋಗದ ಬ್ಯಾಕ್ಟೀರಿಯಾಕ್ಕೆ ಮನುಷ್ಯನೊಬ್ಬನೇ ಆಶ್ರಯ. ರೋಗಿಯ ಮಲದಿಂದ ಮಲಿನವಾದ ನೀರು ಮತ್ತು ಆಹಾರದ ಮೂಲಕ ಅದು ಮತ್ತೊಬ್ಬರ ಕರುಳನ್ನು ಸೇರುತ್ತದೆ. ಔಷಧವಿಲ್ಲದ ಕಾಲದಲ್ಲಿ ರೋಗ ತಗುಲಿದ ಹತ್ತು ಮಂದಿಯಲ್ಲಿ ಒಬ್ಬಿಬ್ಬರು ಸಾಯುತ್ತಿದ್ದರು. ಎರಡು ಮೂರು ವಾರಗಳ ಜ್ವರದ ನಂತರ ಕರುಳು ತೂತಾಗಿ ಪ್ರಾಣಕ್ಕೆ ಎರವಾಗುತ್ತಿತ್ತು.

1948ರಲ್ಲಿ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕ ಈ ರೋಗಕ್ಕೆ ಬಳಕೆಗೆ ಬಂದಿತು. ವಾರಗಟ್ಟಲೆ ಇಳಿಯದಿದ್ದ ಜ್ವರ ಕೆಲವೇ ದಿನಗಳಲ್ಲಿ ಇಳಿಯುವುದನ್ನು ಕಂಡು ಜನ ಬೆರಗಾದರು. ಆದರೆ ಆ ನೆಮ್ಮದಿ ಕಾಲು ಶತಮಾನ ಬಾಳಿತಷ್ಟೆ. 1972ರಲ್ಲಿ ನಮ್ಮ ಘಟ್ಟಗಳ ಆಚೆಯ ಬದಿಯಲ್ಲಿರುವ ಕೇರಳದ ಕೋಳಿಕ್ಕೋಡಿನಲ್ಲಿ ಕ್ಲೋರಾಂಫೆನಿಕಾಲ್‌ಗೆ ಮಣಿಯದ ವಿಷಮಶೀತ ಜ್ವರ ಹಬ್ಬಿತು. ಅಲ್ಲಿನ ವೈದ್ಯ ವಿಜ್ಞಾನಿಗಳು ಇನ್ನೂ ಗಂಭೀರವಾದ ವಿಷಯವೊಂದನ್ನು ಕಂಡರು: ಆ ಪ್ರತಿರೋಧದ ಗುಣವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಬಲ್ಲದಾಗಿತ್ತು. ಅದೇ ವರ್ಷ ದೂರದ ಮೆಕ್ಸಿಕೊದಲ್ಲಿಯೂ ಇಂತಹುದೇ ಪಿಡುಗು ತಲೆದೋರಿತು.

ಬಳಿಕ ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್‌ಗಳನ್ನು ನೆಚ್ಚಲಾಯಿತು. 1980ರ ದಶಕ ಮುಗಿಯುವ ಹೊತ್ತಿಗೆ ಈ ಮೂರೂ ಔಷಧಗಳನ್ನು ಒಟ್ಟಿಗೆ ಎದುರಿಸಬಲ್ಲ ಬ್ಯಾಕ್ಟೀರಿಯಾ ಭಾರತದಲ್ಲಿ ಹರಡಿತ್ತು. ಆಗ ಕೈಹಿಡಿದದ್ದು ಸಿಪ್ರೊಫ್ಲಾಕ್ಸಾಸಿನ್. ಅಗ್ಗದ ಮಾತ್ರೆ, ಎಲ್ಲ ಅಂಗಡಿಗಳಲ್ಲಿ ಲಭ್ಯ. ಭೇದಿಗೂ ಅದೇ, ಜ್ವರಕ್ಕೂ ಅದೇ ಎಂಬಂತಾಯಿತು. ಎರಡು ದಶಕಗಳೊಳಗೆ ಅದರ ಬಲವೂ ಬಹುಮಟ್ಟಿಗೆ ಉಡುಗಿತು. ಇಂದು ವೈದ್ಯರು ಸೆಫ್ಟ್ರಿಯಾಕ್ಸೋನ್ ಎಂಬ ಚುಚ್ಚುಮದ್ದನ್ನೂ ಅಜಿಥ್ರೊಮೈಸಿನ್ ಮಾತ್ರೆಯನ್ನೂ ಮುಖ್ಯವಾಗಿ ಅವಲಂಬಿಸಿದ್ದಾರೆ. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಹಬ್ಬಿದ ವಿಷಮಶೀತ ಜ್ವರ ಸೆಫ್ಟ್ರಿಯಾಕ್ಸೋನನ್ನೂ ಮೀರಿದೆ. ಅಲ್ಲಿ ಬಾಯಿಯ ಮೂಲಕ ಕೊಡಲು ಉಳಿದಿರುವ ಭರವಸೆಯ ಔಷಧ ಅಜಿಥ್ರೊಮೈಸಿನ್ ಒಂದೇ.

ನೆಗಡಿ, ಗಂಟಲು ಕೆರೆತಗಳಿಗೆಂದು ಜನರು ಅಂಗಡಿಯಿಂದ ತಂದು ಮೂರು ದಿನ ನುಂಗುವ ಮಾತ್ರೆಯೂ ಬಹಳ ಸಲ ಇದೇ ಅಜಿಥ್ರೊಮೈಸಿನ್ ಆಗಿರುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಪ್ರತಿರೋಧ ಹುಟ್ಟುವ ಬಗೆ

ನಮ್ಮ ದೇಹ ಔಷಧಕ್ಕೆ ಒಗ್ಗಿಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಬದಲಾಗುವುದು ಬ್ಯಾಕ್ಟೀರಿಯಾ. ಅನುಕೂಲವಾದ ಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಇಪ್ಪತ್ತು ನಿಮಿಷಗಳಿಗೊಮ್ಮೆ ಇಬ್ಭಾಗವಾಗುತ್ತವೆ. ಹೀಗೆ ಹುಟ್ಟುವ ಕೋಟ್ಯಂತರ ಸಂತತಿಯಲ್ಲಿ ಎಲ್ಲೋ ಒಂದಕ್ಕೆ ಔಷಧವನ್ನು ತಡೆದುಕೊಳ್ಳುವ ಗುಣ ಆಕಸ್ಮಿಕವಾಗಿ ಬಂದಿರುತ್ತದೆ. ಪ್ರತಿಜೀವಕ ದೇಹವನ್ನು ಸೇರಿದಾಗ ಉಳಿದವು ಸಾಯುತ್ತವೆ; ಅದೊಂದು ಉಳಿದು, ಖಾಲಿಯಾದ ಜಾಗವನ್ನೆಲ್ಲ ತನ್ನ ಸಂತತಿಯಿಂದ ತುಂಬುತ್ತದೆ.

ಕಾಫಿ ಬೆಳೆಗಾರರಿಗೆ ಇದನ್ನು ಹೋಲುವ ಸಂಗತಿಯೊಂದು ಪರಿಚಿತ. ಎಲೆ ತುಕ್ಕು ರೋಗವನ್ನು ತಡೆಯಬಲ್ಲದೆಂದು ಕೆಂಟ್ಸ್ ತಳಿಯನ್ನು ಹಿಂದೆ ನಮ್ಮ ಬೆಟ್ಟಗಳಲ್ಲೆಲ್ಲ ನೆಟ್ಟರು. ಕಾಲಕ್ರಮದಲ್ಲಿ ತುಕ್ಕಿನ ಶಿಲೀಂಧ್ರದ ಹೊಸ ಬಗೆ ಹುಟ್ಟಿ ಆ ತಡೆಯನ್ನು ಮುರಿಯಿತು. 1940ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ನೀಡಿದ ಎಸ್. 795 ತಳಿಯನ್ನೂ ತುಕ್ಕು ಕ್ರಮೇಣ ಆಕ್ರಮಿಸಿತು. ಒಂದೇ ತಡೆಯನ್ನು ಎಲ್ಲೆಡೆ ಒಡ್ಡಿದಾಗ ಅದನ್ನು ದಾಟುವ ಜೀವಿಗೆ ಎಲ್ಲ ತೋಟಗಳ ಬಾಗಿಲೂ ತೆರೆದಂತಾಗುತ್ತದೆ. ಪ್ರತಿಜೀವಕಗಳ ವಿಷಯದಲ್ಲಿಯೂ ಹೀಗೆಯೇ.

ಇನ್ನೊಂದು ಮಾತು. ಪ್ರತಿಜೀವಕ ರೋಗದ ಬ್ಯಾಕ್ಟೀರಿಯಾವನ್ನು ಮಾತ್ರ ಹುಡುಕಿ ಕೊಲ್ಲುವುದಿಲ್ಲ. ನಮ್ಮ ಕರುಳಿನಲ್ಲಿ ನೆಲೆಸಿರುವ ಅಸಂಖ್ಯ ನಿರುಪದ್ರವಿ ಬ್ಯಾಕ್ಟೀರಿಯಾಗಳ ಮೇಲೂ ಅದು ಎರಗುತ್ತದೆ. ಅವುಗಳಲ್ಲಿ ಬದುಕಿ ಉಳಿದವು ತಮ್ಮ ಪ್ರತಿರೋಧವನ್ನು ಮುಂದೊಂದು ದಿನ ರೋಗಕಾರಕಗಳಿಗೆ ದಾಟಿಸಬಹುದು. ಮಲದ ಮೂಲಕ ಹೊರಬಿದ್ದು ಹಳ್ಳದ ನೀರನ್ನು ಸೇರಬಹುದು. ಮೇಲಿನ ಮನೆಯವರು ಸುಮ್ಮನೆ ನುಂಗಿದ ಮಾತ್ರೆಯ ಫಲವನ್ನು ಕೆಳಗಿನ ಊರಿನ ಮಗು ಉಣ್ಣಬೇಕಾಗಿ ಬರುವುದು ಹೀಗೆ. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಮಂದಿ ಅಸುನೀಗಿದರೆಂದು ತಜ್ಞರು ಅಂದಾಜಿಸಿದ್ದಾರೆ.

ಕಾನೂನು ಏನು ಹೇಳುತ್ತದೆ?

2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್-1 ಪಟ್ಟಿಯಲ್ಲಿ ಹಲವು ಪ್ರಬಲ ಪ್ರತಿಜೀವಕಗಳೂ ಕ್ಷಯರೋಗದ ಔಷಧಗಳೂ ಸೇರಿವೆ. ಇವುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದಾಗ ವೈದ್ಯರ ಮತ್ತು ರೋಗಿಯ ಹೆಸರುಗಳನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಿಡಬೇಕು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ಅದು ವೈದ್ಯರ ಸಲಹೆಯಿಲ್ಲದೆ ಬಳಸಬಾರದ ಔಷಧವೆಂಬುದರ ಗುರುತು. ಕೋಳಿಗಳು ಬೇಗ ಕೊಬ್ಬಲೆಂದು ಬಳಸಲಾಗುತ್ತಿದ್ದ, ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನೀಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಕಾನೂನು ಇದ್ದರೂ, ಕೇಳುವವರು ಇರುವವರೆಗೆ ಕೊಡುವವರೂ ಇರುತ್ತಾರೆ. ಆದ್ದರಿಂದ ಕೇಳುವವರಾದ ನಾವೇ ಮೊದಲು ತಿದ್ದಿಕೊಳ್ಳಬೇಕು.

ನಾವು ಮಾಡಬೇಕಾದುದು

ಜ್ವರ ಮೂರು ದಿನಗಳಿಗೂ ಮೀರಿ ನಿಂತರೆ ವೈದ್ಯರನ್ನು ಕಾಣಲೇಬೇಕು. ಉಸಿರಾಟದ ತೊಂದರೆ, ಮಂಪರು, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ರಕ್ತಸ್ರಾವ, ತೀವ್ರ ಹೊಟ್ಟೆನೋವು ಇವುಗಳಲ್ಲಿ ಯಾವುದು ಕಂಡರೂ ಮೂರು ದಿನ ಕಾಯದೆ ಕೂಡಲೇ ಆಸ್ಪತ್ರೆ ಸೇರಬೇಕು. ತೋಟದ ಕೆಲಸ, ಕಾಡಿನ ಓಡಾಟ, ಉಣುಗು ಕಚ್ಚಿದ್ದು, ಮೈಮೇಲಿನ ಕಪ್ಪು ಹಕ್ಕಳೆ ಇವುಗಳನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮೊದಲೇ ನುಂಗಿದ ಮಾತ್ರೆಗಳಿದ್ದರೆ ಅವನ್ನೂ ಮುಚ್ಚಿಡದೆ ತೋರಿಸಬೇಕು.

ವಿಷಮಶೀತ ಜ್ವರದ ಸಂಶಯವಿದ್ದಲ್ಲಿ, ಪ್ರತಿಜೀವಕ ಆರಂಭಿಸುವ ಮೊದಲೇ ರಕ್ತ ತೆಗೆದು ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಹೆಚ್ಚು ಭರವಸೆಯದು. ಯಾವ ಔಷಧಕ್ಕೆ ಅದು ಮಣಿಯುತ್ತದೆಂಬುದೂ ಅದರಿಂದಲೇ ತಿಳಿಯುತ್ತದೆ. ಒಮ್ಮೆ ಮಾಡಿಸಿದ ವೈಡಾಲ್ ಪರೀಕ್ಷೆಯನ್ನೇ ನಂಬಿ ನಿರ್ಧಾರಕ್ಕೆ ಬರುವಂತಿಲ್ಲ. ಹಿಂದೆಂದೋ ಬಂದ ಸೋಂಕಿನಿಂದಲೂ ಅದು ರೋಗವಿದೆಯೆಂದು ತೋರಿಸಬಹುದು.

ಸರಿಯಾದ ಔಷಧವನ್ನೇ ಕೊಟ್ಟರೂ ವಿಷಮಶೀತ ಜ್ವರ ಇಳಿಯಲು ನಾಲ್ಕೈದು ದಿನಗಳು ಬೇಕಾಗಬಹುದು. ಎರಡನೆಯ ದಿನವೇ ಬೇಸರಗೊಂಡು ಬೇರೆ ಮಾತ್ರೆ ಕೇಳುವುದು ಸಲ್ಲದು. ಜ್ವರ ಇಳಿದೊಡನೆ ತಾವಾಗಿಯೇ ನಿಲ್ಲಿಸುವುದೂ, ಉಳಿದ ಮಾತ್ರೆಗಳನ್ನು ಮುಂದಿನ ಜ್ವರಕ್ಕೆಂದು ಎತ್ತಿಡುವುದೂ, ನೆರೆಯವರಿಗೆ ಕೊಡುವುದೂ ತಪ್ಪು. ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ಸೇವಿಸಬೇಕು.

ಎಲ್ಲಕ್ಕಿಂತ ಮಿಗಿಲಾದುದು ರೋಗ ಬಾರದಂತೆ ನೋಡಿಕೊಳ್ಳುವುದು. ಹಳ್ಳದ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಬೇಕು. ಶೌಚದ ನಂತರ ಮತ್ತು ಆಹಾರ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಕೆಸರಿನಲ್ಲಿ ಇಳಿಯುವವರು ಬೂಟು ಧರಿಸಬೇಕು. ಹೈದರಾಬಾದಿನಲ್ಲಿ ತಯಾರಾದ, ಒಂದೇ ಬಾರಿ ಕೊಡುವ ಟೈಫಾಯ್ಡ್ ಲಸಿಕೆಯನ್ನು ಆರು ತಿಂಗಳು ತುಂಬಿದ ಶಿಶುಗಳಿಗೂ ಹಾಕಿಸಬಹುದು; ಮಕ್ಕಳ ವೈದ್ಯರಲ್ಲಿ ವಿಚಾರಿಸಿ.

ದಾಸೋಹದ ಅಡುಗೆಮನೆಯಲ್ಲಿ ಸೇವೆ ಸಲ್ಲಿಸುವವರಿಗೆ ಒಂದು ವಿಶೇಷ ಮಾತು. ವಿಷಮಶೀತ ಜ್ವರದಿಂದ ಗುಣವಾದ ಕೆಲವರು ಯಾವ ಲಕ್ಷಣವೂ ಇಲ್ಲದೆ ಬ್ಯಾಕ್ಟೀರಿಯಾವನ್ನು ಬಹುಕಾಲ ಹೊತ್ತಿರುತ್ತಾರೆ. ನ್ಯೂಯಾರ್ಕಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಮೇರಿ ಮ್ಯಾಲನ್ ಎಂಬ ಆರೋಗ್ಯವಂತ ಮಹಿಳೆಯಿಂದ ಹಲವು ಮನೆಗಳಿಗೆ ಈ ರೋಗ ಹರಡಿದುದು 1907ರಲ್ಲಿ ಪತ್ತೆಯಾಯಿತು. ಜಾತ್ರೆ, ಉತ್ಸವಗಳಲ್ಲಿ ಸಾವಿರಾರು ಎಲೆಗಳಿಗೆ ಬಡಿಸುವ ಕೈಗಳು ಎಷ್ಟು ಶುಚಿಯೋ ಭಕ್ತರ ಆರೋಗ್ಯ ಅಷ್ಟು ಭದ್ರ. ಈಚೆಗೆ ಈ ಜ್ವರದಿಂದ ಬಳಲಿದವರು ವೈದ್ಯರ ಒಪ್ಪಿಗೆ ದೊರೆಯುವವರೆಗೆ ಬೇರೆ ಸೇವೆಯನ್ನು ಆಯ್ದುಕೊಳ್ಳುವುದು ಲೇಸು.

ಕೊನೆಯಲ್ಲಿ ಭರವಸೆಯ ಮಾತೊಂದನ್ನು ಹೇಳಲೇಬೇಕು. ಕ್ಲೋರಾಂಫೆನಿಕಾಲ್ ಬಳಕೆ ದಶಕಗಳ ಕಾಲ ತಗ್ಗಿದ ಮೇಲೆ, ಭಾರತದ ಹಲವೆಡೆ ವಿಷಮಶೀತ ಜ್ವರದ ಬ್ಯಾಕ್ಟೀರಿಯಾ ಆ ಹಳೆಯ ಔಷಧಕ್ಕೆ ಮತ್ತೆ ಮಣಿಯುತ್ತಿರುವುದು ಕಂಡುಬಂದಿದೆ. ಮಿತವರಿತು ಬಳಸಿದರೆ ಕಳೆದುಕೊಂಡ ಬಲ ಕೆಲವೊಮ್ಮೆ ಮರಳಿ ಬರುತ್ತದೆ. ಪ್ರತಿಜೀವಕದ ಶಕ್ತಿ ಊರ ಕೆರೆಯ ನೀರಿನಂತೆ ಎಲ್ಲರ ಸೊತ್ತು. ಬೇಕಾದವನು ಬೇಕಾದಷ್ಟೇ ಮೊಗೆದರೆ, ಮುಂದಿನ ಪೀಳಿಗೆಯ ಬಾಯಾರಿಕೆಗೂ ಅದು ಉಳಿದೀತು.