ಚೀಟಿಯಲ್ಲಿನ ‘ದಿಸ್’ ಯಾವುದು?

ನೀವು ಪೋತ್ನಾಳದಲ್ಲಿರಿ, ಮಾನ್ವಿಯಲ್ಲಿರಿ, ಮಾತ್ರೆಯ ಜೊತೆಗಿನ ಚೀಟಿ ಬಹುಪಾಲು ಇಂಗ್ಲಿಷಿನಲ್ಲೇ! ‘ಡು ನಾಟ್ ಟೇಕ್ ಆನ್ ಆನ್ ಎಂಪ್ಟಿ ಸ್ಟಮಕ್. ದಿಸ್ ಮೇ ಕಾಸ್ ವಾಮಿಟಿಂಗ್.’ ಈ ‘ದಿಸ್’ ಯಾವುದು, ಹೇಳಿ ನೋಡೋಣ? ಮಾತ್ರೆ ಅಂದುಕೊಂಡರೆ ವಾಂತಿಗೆ ಹೆದರಿ ಮಾತ್ರೆಯನ್ನೇ ಬಿಟ್ಟುಬಿಡುತ್ತೀರಿ. ಮಾತ್ರೆಯಲ್ಲ ರೀ, ಅದನ್ನು ಬರೀ ಹೊಟ್ಟೆಯಲ್ಲಿ ನುಂಗುವುದು. ಹಿಂದಿನ ವಾಕ್ಯದ ಇಡೀ ಕೆಲಸವನ್ನೇ ‘ದಿಸ್’ ತೋರಿಸುತ್ತದೆ.

ನಾವೂ ‘ಉಪ್ಪಿನಕಾಯಿಗೆ ಹಸಿ ಕೈ ಹಾಕಬೇಡ, ಇದರಿಂದ ಬೂಷ್ಟು ಹಿಡಿಯುತ್ತೆ’ ಅನ್ನುತ್ತೇವಲ್ಲ? ‘ಇದು’ ಅಂದರೆ ಉಪ್ಪಿನಕಾಯಿಯೇ? ಅಲ್ಲ, ಹಸಿ ಕೈ ಹಾಕುವುದು.

‘ದಟ್’ನದು ಇನ್ನೊಂದು ಆಟ. ‘ದಿ ಪ್ರೈಸ್ ಆಫ್ ರೈಸ್ ಈಸ್ ಹೈಯರ್ ದ್ಯಾನ್ ದಟ್ ಆಫ್ ಜೋಳ’ ಎಂದು ಮಗಳ ಪುಸ್ತಕದಲ್ಲಿದ್ದರೆ, ‘ದಟ್’ ಅಕ್ಕಿಯಲ್ಲ, ಬೆಲೆ. ನಮ್ಮ ‘ಜೋಳದ್ದು’ ಎಂಬಲ್ಲಿನ ‘ದ್ದು’ ಇದ್ದ ಹಾಗೆ.

ಚೀಟಿಯ ಬಗ್ಗೆ ಅನುಮಾನ ಉಳಿದರೆ, ಮಾತ್ರೆ ಬಿಡುವ ಮೊದಲು ಡಾಕ್ಟರನ್ನು ಕೇಳಿ.